ಅಮೆರಿಕ ಘಟಕಕ್ಕೆ ವರ್ಗಾವಣೆಯೇ? ಕಾಗದಪತ್ರ ಹೀಗೆ ಜೋಡಿಸಿಕೊಳ್ಳಿ

ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಮಾಡುವವರಿಗೆ ಅಮೆರಿಕದ ಘಟಕಕ್ಕೆ ವರ್ಗಾವಣೆ ಎಂದಾಕ್ಷಣ ಮನೆಯವರು ಮೊದಲು ಹುಡುಕುವುದು ಜಮೀನಿನ ಪಹಣಿಯನ್ನು. ಶ್ರೀನಿವಾಸಪುರದ ಮಾವಿನ ತೋಟ, ಕೋಲಾರದ ಸೈಟು ಎಲ್ಲದರ ಪತ್ರವೂ ಕಡತ ಸೇರುತ್ತದೆ. ಅವನ್ನು ಬೀರುವಿನಲ್ಲೇ ಬಿಡಿ. ಊರಿಗೆ ಮರಳುವುದಾಗಿ ಅಧಿಕಾರಿಯನ್ನು ನಂಬಿಸಬೇಕಾದವರು ಪ್ರವಾಸಿ ವೀಸಾ ಕೇಳುವವರು. ಕಂಪನಿಯೊಳಗಿನ ವರ್ಗಾವಣೆಯ ಎಲ್-1 ವೀಸಾಕ್ಕೆ ಆ ಹೊರೆಯನ್ನು ಕಾನೂನೇ ಹೊರಿಸಿಲ್ಲ.

ವರ್ಗಾವಣೆಗೆ ಅನುಮೋದನೆ ಕೇಳಿ ಅಮೆರಿಕದ ವಲಸೆ ಇಲಾಖೆಗೆ ಅರ್ಜಿ ಹಾಕುವುದು ನೀವಲ್ಲ, ಕಂಪನಿ. ಐ-129 ನಮೂನೆ, ಎರಡು ಘಟಕಗಳೂ ಒಂದೇ ಒಡೆತನದವು ಎನ್ನಲು ಷೇರು ದಾಖಲೆ, ವಾರ್ಷಿಕ ವರದಿ ಇವೆಲ್ಲ ಅವರ ಪಾಲಿನ ಕೆಲಸ. ನಿಮ್ಮ ಪಾಲಿಗೆ ಬರುವುದು ಮುಖ್ಯವಾಗಿ ಎರಡು: ಒಂದು ವರ್ಷದ ಲೆಕ್ಕ ಮತ್ತು ಕೆಲಸದ ವಿವರ.

ಮೊದಲು ಲೆಕ್ಕ. ಹಿಂದಿನ 3 ವರ್ಷಗಳೊಳಗೆ ಕನಿಷ್ಠ 1 ವರ್ಷ ಸತತವಾಗಿ, ಅಮೆರಿಕದ ಹೊರಗೆ, ಅದೇ ಸಮೂಹದ ಸಂಸ್ಥೆಯಲ್ಲಿ ಪೂರ್ಣಾವಧಿ ದುಡಿದಿರಬೇಕು. ನೇಮಕಾತಿ ಪತ್ರ, ವೇತನ ಚೀಟಿ, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಇವುಗಳನ್ನು ತಿಂಗಳುವಾರು ಜೋಡಿಸಿ. ನಮ್ಮ ಕಡೆಯ ತೊಡಕು ಇಲ್ಲೇ ಇದೆ. ಹಲವರು ಗುತ್ತಿಗೆದಾರರ ಹಾಜರಾತಿ ಪಟ್ಟಿಯಲ್ಲಿ ಕೆಲಸ ಆರಂಭಿಸಿ ಆಮೇಲೆ ಕಂಪನಿಯ ಪಟ್ಟಿಗೆ ಬಂದವರು. ಅದೇ ಗೇಟು, ಅದೇ ಯಂತ್ರವಾದರೂ ಪಿಎಫ್ ಕಟ್ಟಿದವರ ಹೆಸರು ಬೇರೆಯಾಗಿದ್ದರೆ ಆ ಅವಧಿಯನ್ನು ನೆಚ್ಚಿಕೊಳ್ಳಬೇಡಿ; ಅರ್ಜಿ ಸಿದ್ಧಪಡಿಸುವ ಕಂಪನಿಯ ವಕೀಲರಿಗೆ ಮೊದಲೇ ತಿಳಿಸಿ. ನಡುವೆ ತರಬೇತಿಗೆಂದು ಅಮೆರಿಕಕ್ಕೆ ಹೋಗಿ ಬಂದಿದ್ದರೆ ಸೇವೆ ಮುರಿಯುವುದಿಲ್ಲ, ಆದರೆ ಅಲ್ಲಿ ಕಳೆದ ದಿನಗಳು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಪಾಸ್‌ಪೋರ್ಟ್ ಮುದ್ರೆ ನೋಡಿ ಕಳೆಯಿರಿ.

ಇನ್ನು ಕೆಲಸದ ವಿವರ. ವ್ಯವಸ್ಥಾಪಕರಿಗೆ ಎಲ್-1ಎ, ಗರಿಷ್ಠ 7 ವರ್ಷ. ವಿಶೇಷ ಜ್ಞಾನ ಉಳ್ಳವರಿಗೆ ಎಲ್-1ಬಿ, ಗರಿಷ್ಠ 5 ವರ್ಷ. ಹೆಚ್ಚಿನ ಪ್ರಶ್ನೆಗಳು ಏಳುವುದು ಎರಡನೆಯದರಲ್ಲಿ. ‘ಉತ್ಪಾದನಾ ವಿಭಾಗವನ್ನು ನೋಡಿಕೊಳ್ಳುತ್ತಾರೆ’ ಎಂಬ ಒಂದು ಸಾಲಿನಿಂದ ಏನೂ ಸಾಬೀತಾಗುವುದಿಲ್ಲ. ವೆಲ್ಡಿಂಗ್ ರೋಬೋಟ್ ನಡೆಸುವವರಾದರೆ, ಅದರ ತಂತ್ರಾಂಶವನ್ನು ನಿಮ್ಮ ಸಂಸ್ಥೆಯೇ ರೂಪಿಸಿದೆಯೇ, ಅದನ್ನು ನೀವು ಎಲ್ಲಿ ಕಲಿತಿರಿ, ಹೊಸಬನಿಗೆ ಕಲಿಸಲು ಎಷ್ಟು ತಿಂಗಳು ಬೇಕು, ವಾರದಲ್ಲಿ ಶೇಕಡಾ ಎಷ್ಟು ಹೊತ್ತು ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಬರೆದು ಕೊಡಿ. ವ್ಯವಸ್ಥಾಪಕರಾದರೆ ಕೈಕೆಳಗಿನವರ ಹುದ್ದೆಗಳ ನಕ್ಷೆ ಬೇಕು. ವಕೀಲರಿಗೆ ನಿಮ್ಮ ಯಂತ್ರದ ಗಂಧಗಾಳಿ ಇರುವುದಿಲ್ಲ. ಅವರ ಕರಡು ಹೊಗಳಿಕೆಯಿಂದ ತುಂಬಿದ್ದರೆ ತಿದ್ದಿಸಿ.

ಹೆಸರಿನ ವಿಷಯದಲ್ಲಿ ನಮ್ಮ ಇನಿಷಿಯಲ್ಲುಗಳು ಕಾಡದೆ ಬಿಡುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎನ್. ಮಂಜುನಾಥ’, ಪಾಸ್‌ಪೋರ್ಟ್‌ನಲ್ಲಿ ‘ಮಂಜುನಾಥ ನಾರಾಯಣಪ್ಪ’. ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆ, ಅಕ್ಷರವೂ ಬದಲಾಗದಂತೆ ಬರೆಸಿ. ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿ ಬಳಿ ಮಾಡಿಸಿಟ್ಟುಕೊಳ್ಳಿ.

ಹೆಂಡತಿ ಅಥವಾ ಗಂಡ, 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ಎಲ್-2 ವೀಸಾ. ಲಗ್ನಪತ್ರಿಕೆ, ಆಲ್ಬಂ ಸಾಲದು. ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಬೇಕು. ಐ-129 ಜತೆ ಹೋಗುವ ದಾಖಲೆ ಕನ್ನಡದಲ್ಲಿದ್ದರೆ ಪೂರ್ತಿ ಇಂಗ್ಲಿಷ್ ಅನುವಾದ ಕಡ್ಡಾಯ. ಅನುವಾದ ಪೂರ್ಣ, ನಿಖರ, ಅದನ್ನು ಮಾಡುವ ಅರ್ಹತೆ ತನಗಿದೆ ಎಂದು ಅನುವಾದಕರು ಸಹಿ ಹಾಕಿ ದೃಢೀಕರಿಸಬೇಕು. ಮೊಹರು, ಟಿಪ್ಪಣಿಗಳೂ ಅನುವಾದವಾಗಲಿ. ಕುಟುಂಬದ ದಾಖಲೆಗಳಿಗೂ ಇದೇ ಕ್ರಮ ಅನುಸರಿಸುವುದು ಲೇಸು.

ಅನುಮೋದನೆ ಸಿಕ್ಕರೆ ಐ-797 ಪತ್ರ ಬರುತ್ತದೆ. ಆಮೇಲೆ ನಿಮ್ಮ ವೀಸಾ ಅರ್ಜಿಯಾದ ಡಿಎಸ್-160 ತುಂಬಿ ಕಾನ್ಸುಲೇಟ್ ಸಂದರ್ಶನ. ನಮ್ಮವರು ಸಾಮಾನ್ಯವಾಗಿ ಮುಳಬಾಗಿಲು ದಾಟಿ ಚೆನ್ನೈಗೆ ಹೋಗುತ್ತಾರೆ. ದೊಡ್ಡ ಸಮೂಹಗಳು ಒಟ್ಟಾರೆ ಅನುಮೋದನೆಯನ್ನು ಮೊದಲೇ ಪಡೆದಿದ್ದರೆ ಐ-129ಎಸ್ ನಮೂನೆಯೊಂದಿಗೆ ನೇರ ಸಂದರ್ಶನಕ್ಕೇ ಹೋಗಬಹುದು. ಯಾವ ದಾರಿಯಾದರೂ ಕಂಪನಿ ಸಲ್ಲಿಸಿದ ಪ್ರತಿಯನ್ನು ಕೇಳಿ ಪಡೆದು ಓದಿ. ಅದರಲ್ಲಿರುವ ಹುದ್ದೆ, ಸಂಬಳ, ಕೆಲಸದ ಸ್ಥಳ ಡಿಎಸ್-160ರಲ್ಲೂ ಅವೇ ಇರಬೇಕು. ಪ್ರತಿ ಕಳಿಸಲು ಎಚ್‌ಆರ್ ವಿಭಾಗ ಮೀನಮೇಷ ಎಣಿಸಿದರೆ ಬೆನ್ನು ಬಿಡಬೇಡಿ. ಕಿಟಕಿಯ ಮುಂದೆ ನಿಂತು ಉತ್ತರಿಸಬೇಕಾದವರು ಅವರಲ್ಲ.