400 ಸೀರೆ ಫೋಟೊಗಳಿಗೆ ಒಂದೇ ಆ್ಯಕ್ಷನ್: ಫೋಟೊಶಾಪ್‌ನಲ್ಲಿ ಚಿತ್ರಗಳನ್ನು ಒಟ್ಟಾಗಿ ತಿದ್ದುವ ಬಗೆ

ಇಳಕಲ್‌ನ ಸೀರೆ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಯ ಸರಕನ್ನೆಲ್ಲ ಆನ್‌ಲೈನ್‌ನಲ್ಲಿ ತೋರಿಸಬೇಕೆಂದು ಬಾಗಲಕೋಟೆಯ ನಮ್ಮ ಸ್ಟುಡಿಯೊಕ್ಕೆ 400 ಫೋಟೊಗಳ ಕೆಲಸ ಕೊಟ್ಟಿದ್ದರು. ಪ್ರತಿ ಫೋಟೊವನ್ನು ತೆರೆದು, ಅಳತೆ ಕುಗ್ಗಿಸಿ, ಸ್ವಲ್ಪ ಶಾರ್ಪ್ ಮಾಡಿ, ಮೂಲೆಯಲ್ಲಿ ಅಂಗಡಿಯ ಹೆಸರು ಕೂರಿಸಿ, ಜೆಪೆಗ್ ಆಗಿ ಉಳಿಸಲು ಕೈಚಳಕವಿದ್ದವರಿಗೂ ಎರಡು ನಿಮಿಷ ಬೇಕು. ಒಟ್ಟು ಲೆಕ್ಕ ಹಾಕಿದರೆ 13 ಗಂಟೆ 20 ನಿಮಿಷ. ಈ ಕೆಲಸವನ್ನು ಒಮ್ಮೆ ಮಾಡಿ ತೋರಿಸಿದರೆ ಉಳಿದದ್ದನ್ನು ತಾನೇ ಮಾಡುವ ಆ್ಯಕ್ಷನ್ ಎಂಬ ಸೌಲಭ್ಯ ಫೋಟೊಶಾಪ್‌ನಲ್ಲಿ 1996ರ 4.0 ಆವೃತ್ತಿಯಿಂದಲೂ ಇದೆ. ಆದರೂ ಅದನ್ನು ಬಳಸದೆ ರಾತ್ರಿಯೆಲ್ಲ ಮೌಸ್ ಒತ್ತುವವರನ್ನು ನಾನು ಇಂದಿಗೂ ನೋಡುತ್ತಿದ್ದೇನೆ.

ಮೊದಲು ಮೂಲ ಫೋಟೊಗಳ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಫಲಿತಾಂಶಕ್ಕೆ ಪ್ರತ್ಯೇಕ ಖಾಲಿ ಫೋಲ್ಡರ್ ಇರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ನಂತರ ಒಂದು ಫೋಟೊ ತೆರೆದು, 'ವಿಂಡೋ' ಮೆನುವಿನಿಂದ ಆ್ಯಕ್ಷನ್ಸ್ ಫಲಕವನ್ನು ತೆರೆಯಿರಿ. ವಿಂಡೋಸ್‌ನಲ್ಲಿ ಆಲ್ಟ್ ಜೊತೆ ಎಫ್9 ಒತ್ತಿದರೂ ಸಾಕು. ನಿಮ್ಮದೇ ಒಂದು ಸೆಟ್ (ಆ್ಯಕ್ಷನ್‌ಗಳ ಗುಂಪು) ರಚಿಸಿ, ಅದರೊಳಗೆ ಹೊಸ ಆ್ಯಕ್ಷನ್‌ಗೆ ಹೆಸರು ಕೊಟ್ಟು 'ರೆಕಾರ್ಡ್' ಒತ್ತಿದ ಮೇಲೆ ನೀವು ಮಾಡುವ ಹೆಜ್ಜೆಗಳು ದಾಖಲಾಗುತ್ತ ಹೋಗುತ್ತವೆ. ಅವಸರ ಬೇಡ, ಏಕೆಂದರೆ ದಾಖಲಾಗುವುದು ಹೆಜ್ಜೆಗಳೇ ಹೊರತು ನೀವು ತೆಗೆದುಕೊಂಡ ಸಮಯವಲ್ಲ.

ಅಳತೆ ಕುಗ್ಗಿಸುವ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಸೆರಗನ್ನು ಹಾಸಿ ತೆಗೆದ ಫೋಟೊ ಅಡ್ಡವಾಗಿರುತ್ತದೆ, ಉಟ್ಟು ನಿಂತ ಫೋಟೊ ಉದ್ದವಾಗಿರುತ್ತದೆ. 'ಇಮೇಜ್ ಸೈಜ್'ನಲ್ಲಿ ಅಗಲ 1600 ಪಿಕ್ಸೆಲ್ ಎಂದು ದಾಖಲಿಸಿದರೆ, 6000×4000ರ ಅಡ್ಡ ಫೋಟೊ 1600×1067 ಆಗುತ್ತದೆ. ಅದೇ ಕ್ಯಾಮೆರಾದ ಉದ್ದ ಫೋಟೊ ಮಾತ್ರ 1600×2400 ಆಗಿ ಉಳಿದುಬಿಡುತ್ತದೆ. ಇದಕ್ಕೆ ಬದಲಾಗಿ 'ಫೈಲ್' ಮೆನುವಿನ 'ಆಟೊಮೇಟ್' ಅಡಿಯಲ್ಲಿರುವ 'ಫಿಟ್ ಇಮೇಜ್' ಬಳಸಿ, ಎರಡೂ ಕಡೆ 1600 ಎಂದು ಕೊಟ್ಟರೆ ಯಾವ ದಿಕ್ಕಿನ ಫೋಟೊ ಆದರೂ ಅದರ ಉದ್ದನೆಯ ಬದಿ 1600ಕ್ಕೆ ಹೊಂದಿಕೊಳ್ಳುತ್ತದೆ. ಶಾರ್ಪ್ ಮಾಡುವುದು ಕುಗ್ಗಿಸಿದ ಮೇಲೆಯೇ ಆಗಬೇಕು, ಹೆಸರು ಕೂರಿಸುವುದು ಅದಕ್ಕೂ ನಂತರ.

ಹೆಸರಿನ ವಿಷಯದಲ್ಲಿ ನಾನೇ ಪಾಠ ಕಲಿತಿದ್ದೇನೆ. ಮೊದಲ ಸಲ ಅಂಗಡಿಯ ಲಾಂಛನವನ್ನು ಕೈಯಿಂದ ಎಳೆದು ಮೂಲೆಗೆ ಇಟ್ಟು ದಾಖಲಿಸಿದ್ದೆ. ಉದ್ದ ಫೋಟೊಗಳೆಲ್ಲದರಲ್ಲೂ ಅದು ಚೌಕಟ್ಟಿನ ಆಚೆ ಹೋಗಿ ಕುಳಿತಿತ್ತು. ಎಳೆದಾಗ ಫೋಟೊಶಾಪ್ ನೆನಪಿಟ್ಟುಕೊಳ್ಳುವುದು ಎಷ್ಟು ದೂರ ಸರಿಸಿದಿರಿ ಎಂಬುದನ್ನೇ ಹೊರತು ಯಾವ ಮೂಲೆ ಎಂಬುದನ್ನಲ್ಲ. ಆದ್ದರಿಂದ ಲಾಂಛನವನ್ನು 'ಪ್ಲೇಸ್ ಎಂಬೆಡೆಡ್' ಮೂಲಕ ತಂದು, ಕಂಟ್ರೋಲ್ ಮತ್ತು ಎ ಒತ್ತಿ ಇಡೀ ಚಿತ್ರವನ್ನು ಆಯ್ಕೆ ಮಾಡಿ, 'ಲೇಯರ್' ಮೆನುವಿನ ಅಲೈನ್ ಆಜ್ಞೆಗಳಿಂದ ಕೆಳ ಅಂಚಿಗೂ ಬಲ ಅಂಚಿಗೂ ಹೊಂದಿಸಬೇಕು. ಅಂಚಿನಿಂದ ತುಸು ಜಾಗ ಬೇಕಾದರೆ ಲಾಂಛನದ ಕಡತದಲ್ಲೇ ಸುತ್ತ ಅತಿ ತೆಳುವಾದ, ಕಣ್ಣಿಗೆ ಕಾಣದಷ್ಟು ಮಸುಕಿನ ಚೌಕಟ್ಟು ಇರಲಿ. ಬಳಿಕ ಆಯ್ಕೆಯನ್ನು ಬಿಡಿಸಿ, ಪದರಗಳೆಲ್ಲ ಒಂದಾಗುವಂತೆ 'ಫ್ಲ್ಯಾಟನ್' ಮಾಡಿ, 'ಸೇವ್ ಆ್ಯಸ್' ಮೂಲಕ ಜೆಪೆಗ್ ಗುಣಮಟ್ಟ 10 ಎಂದು ಉಳಿಸಿ, ದಾಖಲೆಯನ್ನು ನಿಲ್ಲಿಸಿ.

ಈಗ ಈ ಆ್ಯಕ್ಷನ್ ಅನ್ನು ಇಡೀ ಫೋಲ್ಡರಿಗೆ ಓಡಿಸಲು 'ಫೈಲ್', 'ಆಟೊಮೇಟ್', 'ಬ್ಯಾಚ್'. ಆ್ಯಕ್ಷನ್, ಮೂಲ ಫೋಲ್ಡರ್, ಗುರಿ ಫೋಲ್ಡರ್ ಆರಿಸುವುದು ಸುಲಭ. ಕೆಳಗಿನ ಟಿಕ್ ಗುರುತುಗಳೇ ಕಾಡುವುದು. 'ಓವರ್‌ರೈಡ್ ಆ್ಯಕ್ಷನ್ ಸೇವ್ ಆ್ಯಸ್' ಎಂಬುದಕ್ಕೆ ಟಿಕ್ ಹಾಕಿದರೆ ಹೆಸರು ಮತ್ತು ಜಾಗ ಬ್ಯಾಚ್‌ನಿಂದ ಬರುತ್ತವೆ, ಜೆಪೆಗ್ ಗುಣಮಟ್ಟ ನಿಮ್ಮ ದಾಖಲೆಯಿಂದ ಬರುತ್ತದೆ. ಆ್ಯಕ್ಷನ್‌ನೊಳಗೆ 'ಸೇವ್ ಆ್ಯಸ್' ಹೆಜ್ಜೆಯೇ ಇಲ್ಲದೆ ಈ ಟಿಕ್ ಹಾಕಿದರೆ ಕೆಲಸವೆಲ್ಲ ನಡೆದಂತೆ ಕಂಡರೂ ಫೋಲ್ಡರ್ ಖಾಲಿಯಾಗಿಯೇ ಇರುತ್ತದೆ. ಹಾಗೆಯೇ 'ಓಪನ್' ಹೆಜ್ಜೆ ದಾಖಲಾಗಿಲ್ಲದಿದ್ದರೆ ಅದರ ಓವರ್‌ರೈಡ್ ಟಿಕ್ ಮುಟ್ಟಬೇಡಿ. ದೋಷ ಬಂದಾಗ ನಿಲ್ಲುವ ಬದಲು ಅದನ್ನು ಕಡತದಲ್ಲಿ ಬರೆದಿಡುವ ಆಯ್ಕೆ ಒಳ್ಳೆಯದು. ಇಲ್ಲವಾದರೆ ಕೆಟ್ಟ ಒಂದೇ ಫೋಟೊದ ಬಳಿ ಎಲ್ಲವೂ ನಿಂತು, ಬೆಳಿಗ್ಗೆ ಬಂದು ನೋಡುವ ನಿಮಗಾಗಿ ಕಾಯುತ್ತಿರುತ್ತದೆ. ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಕಾರಣ ನಾನು 400 ಫೋಟೊಗಳನ್ನು ನೂರರ ನಾಲ್ಕು ಫೋಲ್ಡರುಗಳಾಗಿ ಹಂಚಿಕೊಳ್ಳುತ್ತೇನೆ. ಫೋಟೊದ ಹೆಸರಿನಲ್ಲಿ ವ್ಯಾಪಾರಿಯ ಸರಕಿನ ಸಂಖ್ಯೆ ಇದ್ದರೆ ಅದನ್ನು ಬದಲಿಸಬಾರದು.

ಬಣ್ಣವನ್ನು ಮಾತ್ರ ಈ ಆ್ಯಕ್ಷನ್‌ಗೆ ಒಪ್ಪಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 'ಆಟೊ ಕಲರ್' ಚಿತ್ರದ ನಡು ಛಾಯೆಗಳನ್ನು ಬೂದುಬಣ್ಣದತ್ತ ಎಳೆಯಲು ನೋಡುತ್ತದೆ. ಚೌಕಟ್ಟಿನ ತುಂಬ ಇಳಕಲ್ ಸೀರೆಯ ಕೆಂಪು ಸೆರಗೇ ಹರಡಿಕೊಂಡಿದ್ದರೆ ಆ ಕೆಂಪನ್ನೇ ಬೆಳಕಿನ ದೋಷವೆಂದು ಬಗೆದು ಕುಂದಿಸಿಬಿಡಬಹುದು; ಸೀರೆ ಕೈಗೆ ಬಂದ ಮೇಲೆ ಗಿರಾಕಿ ಬಣ್ಣ ಬೇರೆಯೆಂದು ಮರಳಿಸಿದರೆ ನಷ್ಟ ವ್ಯಾಪಾರಿಯದು. ಇದಕ್ಕೆ ಪರಿಹಾರ ಫೋಟೊ ತೆಗೆಯುವಾಗಲೇ ಇದೆ. ಟ್ಯೂಬ್‌ಲೈಟ್ ಆಫ್ ಮಾಡಿ ಒಂದೇ ಬಗೆಯ ಬೆಳಕಿನಲ್ಲಿ ರಾ ಕಡತಗಳಾಗಿ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತಗಳಾಗಿ) ತೆಗೆಯಿರಿ, ಬೆಳಕು ಬದಲಾದಾಗಲೆಲ್ಲ ಸೀರೆಯ ಮೇಲೆ ಗ್ರೇ ಕಾರ್ಡ್ (ಬಣ್ಣ ಹೊಂದಿಸಲು ಬಳಸುವ ಬೂದು ಕಾರ್ಡು) ಇಟ್ಟು ಒಂದು ಫೋಟೊ ಹೆಚ್ಚಿಗೆ ತೆಗೆಯಿರಿ. ನಂತರ ಆ ಗುಂಪನ್ನೆಲ್ಲ ಫೋಟೊಶಾಪ್ ಜೊತೆ ಬರುವ ಕ್ಯಾಮೆರಾ ರಾದಲ್ಲಿ ಒಟ್ಟಿಗೆ ತೆರೆದು, ಕಾರ್ಡಿನ ಮೇಲೆ ವೈಟ್ ಬ್ಯಾಲೆನ್ಸ್ ಉಪಕರಣದಿಂದ ಒತ್ತಿ, ಅದೇ ಹೊಂದಾಣಿಕೆಯನ್ನು ಉಳಿದವಕ್ಕೆ ಸಿಂಕ್ ಮಾಡಿ ಜೆಪೆಗ್ ಆಗಿ ಉಳಿಸಿದ ಮೇಲೆಯೇ ಆ್ಯಕ್ಷನ್ ಓಡಿಸಬೇಕು.

ಬರೀ ಅಳತೆ ಕುಗ್ಗಿಸಿ ಜೆಪೆಗ್ ಮಾಡುವುದಿದ್ದರೆ ಇಷ್ಟೆಲ್ಲ ಬೇಕಿಲ್ಲ. 'ಫೈಲ್' ಮೆನುವಿನ 'ಸ್ಕ್ರಿಪ್ಟ್ಸ್' ಅಡಿಯಲ್ಲಿರುವ 'ಇಮೇಜ್ ಪ್ರೊಸೆಸರ್' ಸಾಕು. ಅದು ಫೋಟೊದ ಬಣ್ಣಗಳನ್ನು ಆನ್‌ಲೈನ್‌ಗೆ ಒಗ್ಗುವ ಎಸ್‌ಆರ್‌ಜಿಬಿ ಎಂಬ ಬಣ್ಣ ವ್ಯವಸ್ಥೆಗೂ ಬದಲಿಸಿಕೊಡುತ್ತದೆ. ಫೋಟೊಶಾಪ್‌ಗೆ ಹಣ ಕಟ್ಟಲಾಗದವರು ಎಕ್ಸ್‌ಎನ್‌ಕನ್ವರ್ಟ್ ಅಥವಾ ಇರ್ಫಾನ್‌ವ್ಯೂನ ಬ್ಯಾಚ್ ಸೌಲಭ್ಯದಿಂದ ಅಳತೆಯನ್ನೂ ಲಾಂಛನವನ್ನೂ ನಿಭಾಯಿಸಬಹುದು, ವ್ಯಾಪಾರಕ್ಕೆ ಬಳಸುವ ಮುನ್ನ ಪರವಾನಗಿಯ ಷರತ್ತು ಓದಿಕೊಳ್ಳಬೇಕು ಅಷ್ಟೆ.

ಇಡೀ ಫೋಲ್ಡರ್ ಓಡಿಸುವ ಮೊದಲು ಅಡ್ಡ, ಉದ್ದ, ಕಪ್ಪು ಒಡಲಿನದು, ತಿಳಿ ಬಣ್ಣದ್ದು ಎಂದು ಐದಾರು ಫೋಟೊ ಆರಿಸಿ ಪ್ರಯತ್ನಿಸಿ. ಆಮೇಲೆ ಫಲಿತಾಂಶವನ್ನು 100% ಗಾತ್ರದಲ್ಲಿ ತೆರೆದು, ದಡಿಯ ನೇಯ್ಗೆ ಮತ್ತು ಒಡಲಿಗೆ ಸೆರಗು ಸೇರುವ ಕೊಂಡಿಯ ಜಾಗವನ್ನು ಗಮನಿಸಿ: ಶಾರ್ಪ್ ಅತಿಯಾಗಿದ್ದರೆ ಎಳೆಗಳ ಬದಿಯಲ್ಲಿ ಬಿಳಿ ಗೆರೆ ಮೊದಲು ಮೂಡುವುದು ಅಲ್ಲೇ. ಸರಿಯೆನಿಸಿದರೆ ಸೆಟ್ಟನ್ನು ಆರಿಸಿ 'ಸೇವ್ ಆ್ಯಕ್ಷನ್ಸ್' ಒತ್ತಿ, ಆಗ ಸಿಗುವ ಎಟಿಎನ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ ದಿನ ಮತ್ತೆ ಮೊದಲಿನಿಂದ ದಾಖಲಿಸಬೇಕಾಗುವುದಿಲ್ಲ.