ಲ್ಯಾಪ್‌ಟಾಪ್ ಸ್ಕ್ರೀನ್ ಹಳದಿ ತಿರುಗಿದೆಯೇ? ಸರ್ವಿಸ್ ಸೆಂಟರಿಗೆ ಹೋಗುವ ಮುನ್ನ ಮಾಡಬೇಕಾದ್ದು

ಬಿಳಿ ಪುಟ ತೆರೆದರೆ ಸ್ಕ್ರೀನಿನ ಕೆಳಗಿನ ಅಂಚು ಚಹಾ ಚೆಲ್ಲಿ ಒರೆಸಿದ ಕಾಗದದ ಹಾಗೆ ಕಾಣುತ್ತದೆ. ಸರ್ವಿಸ್ ಸೆಂಟರಿಗೆ ಒಯ್ದರೆ ಸಿಗುವ ಮೊದಲ ಉತ್ತರ ಸಾಮಾನ್ಯವಾಗಿ ಒಂದೇ: 'ಇದು ನಾರ್ಮಲ್ ಸರ್.' ಅಲ್ಲಿ ಬಾಯಿಮಾತಿನ ವಾದ ನಡೆಯುವುದಿಲ್ಲ. ದೋಷ ಸಾಫ್ಟ್‌ವೇರಿನದಲ್ಲ, ನಿಮ್ಮ ಕೈತಪ್ಪಿನದೂ ಅಲ್ಲ ಎಂಬ ಎರಡು ಸಂಗತಿಗಳನ್ನು ಮನೆಯಲ್ಲೇ ಖಚಿತಪಡಿಸಿಕೊಂಡು ಹೋಗಬೇಕು.

ಮೊದಲು ಸಾಫ್ಟ್‌ವೇರ್. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಒಳಗೆ ನೈಟ್ ಲೈಟ್ (ರಾತ್ರಿ ಕಣ್ಣಿಗೆ ಹಿತವಾಗಲೆಂದು ಸ್ಕ್ರೀನನ್ನು ಹಳದಿ ಮಾಡುವ ಸೆಟ್ಟಿಂಗ್) ಆಫ್ ಮಾಡಿ. ಮ್ಯಾಕ್‌ಬುಕ್ಕಿನಲ್ಲಿ ಅದೇ ಕೆಲಸದ ನೈಟ್ ಶಿಫ್ಟ್ ಜೊತೆಗೆ, ಕೋಣೆಯ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಟ್ರೂ ಟೋನನ್ನೂ ಆಫ್ ಮಾಡಬೇಕು. ವಿಂಡೋಸಿನಲ್ಲಾದರೆ ಸ್ಟಾರ್ಟ್ ಮೆನುವಿನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಹುಡುಕಿ ತೆರೆದು, ನಿಮ್ಮ ಡಿಸ್‌ಪ್ಲೇಗೆ ಯಾವುದಾದರೂ ಬಣ್ಣದ ಪ್ರೊಫೈಲ್ ಕಟ್ಟಿದ್ದರೆ ತೆಗೆಯಿರಿ. ಚಾರ್ಜರ್ ತೆಗೆದಾಗ ಮಾತ್ರ ಬಣ್ಣ ಪೇಲವವಾಗುತ್ತಿದ್ದರೆ ಅದು ಬ್ಯಾಟರಿ ಉಳಿಸುವ ಸೆಟ್ಟಿಂಗಿನ ಕೆಲಸ. ಎಎಂಡಿ ಲ್ಯಾಪ್‌ಟಾಪುಗಳಲ್ಲಿ ಅದರ ಹೆಸರು ವೇರಿ-ಬ್ರೈಟ್.

ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿನಲ್ಲಿ ನೋಡಿ, ಅದರಲ್ಲಿ ಹಳದಿ ಇಲ್ಲದಿದ್ದರೆ ಪ್ಯಾನೆಲ್ಲೇ ಕೆಟ್ಟಿದೆ ಎಂದು ಹಲವರು ತೀರ್ಮಾನಿಸುತ್ತಾರೆ. ಅದು ತಪ್ಪು. ನೈಟ್ ಲೈಟ್ ಆನ್ ಇದ್ದರೂ ಅದರ ಬಣ್ಣ ಸ್ಕ್ರೀನ್‌ಶಾಟಿನಲ್ಲಿ ಬರುವುದಿಲ್ಲ. ನಂಬಬಹುದಾದ ಪರೀಕ್ಷೆ ಬಯೋಸ್, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟ. ಲ್ಯಾಪ್‌ಟಾಪ್ ಆನ್ ಆಗುವಾಗ ಎಫ್2 ಒತ್ತಿ (ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡಿನಲ್ಲಿ ಎಫ್1). ಅಲ್ಲಿ ವಿಂಡೋಸಿನ ಯಾವ ಸೆಟ್ಟಿಂಗೂ ನಡೆಯದು. ಅಲ್ಲೂ ಕಲೆ ಇದ್ದರೆ ವಿಂಡೋಸನ್ನು ಮತ್ತೆ ಹಾಕಿ ಪ್ರಯೋಜನವಿಲ್ಲ. ಡೆಲ್‌ನವರಿಗೆ ಇನ್ನೂ ಸುಲಭದ ದಾರಿಯಿದೆ: ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ಮಾತ್ರ ಚುಚ್ಚಿ, ಡಿ ಕೀ ಒತ್ತಿ ಹಿಡಿದು ಪವರ್ ಬಟನ್ ಒತ್ತಿದರೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಸ್ಕ್ರೀನ್ ತುಂಬ ಬರುತ್ತವೆ. ಕೊನೆಗೆ ಎಚ್‌ಡಿಎಂಐ ಕೇಬಲ್ಲಿನಲ್ಲಿ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚಿತ್ರ ಸರಿಯಿದ್ದರೆ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಅನುಮಾನ ಬೇಡ.

ಇನ್ನು ಕಲೆಯ ಜಾಗ ಮತ್ತು ಆಕಾರ ನೋಡಿ. ಅರ್ಧ ಕಾರಣ ಅಲ್ಲೇ ತಿಳಿಯುತ್ತದೆ.

ಇಡೀ ಸ್ಕ್ರೀನ್ ಒಂದೇ ಸಮ ಹಳದಿಯಾಗಿದ್ದರೆ ಅದು ಆ ಪ್ಯಾನೆಲ್ಲಿನ ಸ್ವಭಾವವೇ ಇರಬಹುದು. ಒಂದೇ ಮಾಡೆಲ್ಲಿಗೆ ಕಂಪನಿಗಳು ಎರಡು ಮೂರು ತಯಾರಕರ ಪ್ಯಾನೆಲ್ ಹಾಕುವುದುಂಟು. ಡಿವೈಸ್ ಮ್ಯಾನೇಜರಿನಲ್ಲಿ ಮಾನಿಟರ್ಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ನೋಡಿದರೆ ಬಿಒಇ, ಎಯುಒ, ಎಲ್‌ಜಿಡಿ, ಸಿಎಂಎನ್ (ಇದು ಇನ್ನೋಲಕ್ಸ್) ಎಂಬ ಮೂರಕ್ಷರದಲ್ಲಿ ತಯಾರಕರ ಗುರುತು ಸಿಗುತ್ತದೆ. ಬರೆದಿಟ್ಟುಕೊಳ್ಳಿ, ಪ್ಯಾನೆಲ್ ಬದಲಾದ ಮೇಲೆ ಏನು ಹಾಕಿದ್ದಾರೆಂದು ಹೋಲಿಸಲು ಬೇಕಾಗುತ್ತದೆ.

ಒಂದು ಅಂಚು ಅಥವಾ ಮೂಲೆ ಮಾತ್ರ ಹಳದಿಯಾಗಿದ್ದರೆ ಹಿಂದಿನ ಬ್ಯಾಕ್‌ಲೈಟ್ ಪದರಗಳ ದೋಷ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಎಲ್‌ಇಡಿ ಪಟ್ಟಿ ಕೆಳ ಅಂಚಿನಲ್ಲಿರುತ್ತದೆ. ವಾರಂಟಿಯಲ್ಲಿ ಗೆಲ್ಲಬಹುದಾದ ದೂರು ಇದೇ. ಮುಚ್ಚಳ ಅಲುಗಿಸಿದಾಗ ಬಣ್ಣ ಬದಲಾದರೆ ಅಥವಾ ಗೆರೆ ಬಂದರೆ ಡಿಸ್‌ಪ್ಲೇ ಕೇಬಲ್ ನೋಡಿಸಿ. ಬೆರಳಗಲದ ಬಿಳಿ ಮಚ್ಚೆ ಬಹುಪಾಲು ಒತ್ತಡದ್ದು: ತುಂಬಿದ ಬ್ಯಾಗು, ಮುಚ್ಚಳದ ಮೇಲೆ ಪುಸ್ತಕ. ಮಚ್ಚೆಯ ಜೊತೆಗೆ ಟಚ್‌ಪ್ಯಾಡೂ ಮೇಲೆದ್ದಿದ್ದರೆ ಬ್ಯಾಟರಿ ಊದಿರಬಹುದು. ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ. ಕತ್ತಲ ದೃಶ್ಯದಲ್ಲಿ ಮೂಲೆ ಹೊಳೆದು, ತಲೆ ಆಚೀಚೆ ಮಾಡಿದಾಗ ಆ ಹೊಳಪು ಸರಿದಾಡಿದರೆ ಅದು ಐಪಿಎಸ್ ಗ್ಲೋ, ಐಪಿಎಸ್ ಬಗೆಯ ಪ್ಯಾನೆಲ್ಲುಗಳ ಸಹಜ ಗುಣ. ಅದಕ್ಕೆ ದೂರು ಕೊಟ್ಟು ಸಮಯ ಹಾಳು ಮಾಡಿಕೊಳ್ಳಬೇಡಿ.

ಫೋಟೋದಲ್ಲೇ ಹೆಚ್ಚು ದೂರುಗಳು ಸೋಲುವುದು. ಮೊಬೈಲ್ ಕ್ಯಾಮೆರಾ ಬಣ್ಣವನ್ನು ತಾನೇ ತಿದ್ದಿ ಹಳದಿಯನ್ನು ಬಿಳಿ ಮಾಡಿಬಿಡುತ್ತದೆ, ಇಲ್ಲವೇ ಇಲ್ಲದ ಹಳದಿಯನ್ನು ತೋರಿಸುತ್ತದೆ. ಹೀಗೆ ತೆಗೆಯಿರಿ: ಅರ್ಧ ಗಂಟೆ ಸ್ಕ್ರೀನ್ ಆನ್ ಇರಲಿ. ಕೋಣೆಯ ದೀಪ ಆರಿಸಿ. ಬ್ರೈಟ್‌ನೆಸ್ 100ರಲ್ಲಿಟ್ಟು ಪೂರ್ತಿ ಬಿಳಿ ಚಿತ್ರ, ಆಮೇಲೆ ನಡು ಬೂದು (ಕೆಂಪು, ಹಸಿರು, ನೀಲಿ ಮೂರೂ 128) ತುಂಬಿಸಿ. ಬಿಳಿಯಲ್ಲಿ ಅಡಗುವ ಕಲೆ ಬೂದಿನಲ್ಲಿ ಸಿಕ್ಕಿಬೀಳುತ್ತದೆ. ಮೊಬೈಲನ್ನು ಪ್ರೊ ಮೋಡಿಗೆ ಹಾಕಿ: ವೈಟ್ ಬ್ಯಾಲೆನ್ಸ್ 6500 ಕೆಲ್ವಿನ್, ಐಎಸ್‌ಒ 100, ಶಟರ್ 1/30 ಅಥವಾ ಅದಕ್ಕಿಂತ ನಿಧಾನ. ಶಟರ್ ವೇಗ ಹೆಚ್ಚಾದರೆ ಬ್ಯಾಕ್‌ಲೈಟಿನ ಮಿಣುಕು ಕಪ್ಪು ಪಟ್ಟೆಯಾಗಿ ಬರುತ್ತದೆ, ಟೆಕ್ನಿಶಿಯನ್ 'ಫೋಟೋ ಸರಿಯಿಲ್ಲ' ಎನ್ನುತ್ತಾನೆ. ಒಂದು ಮೀಟರ್ ದೂರದಿಂದ, ನೇರಕ್ಕೆ ತೆಗೆಯಿರಿ. ನಂತರ ಲ್ಯಾಪ್‌ಟಾಪನ್ನು ತಲೆಕೆಳಗು ತಿರುಗಿಸಿ ಅದೇ ಜಾಗದಿಂದ ಇನ್ನೊಂದು. ಕಲೆಯೂ ಪ್ಯಾನೆಲ್ ಜೊತೆ ತಿರುಗಿದ್ದರೆ ಅದು ಲೆನ್ಸಿನದಲ್ಲ, ನೋಡುವ ಕೋನದ್ದೂ ಅಲ್ಲ. ಸೀರಿಯಲ್ ನಂಬರ್ ಮತ್ತು ತಾರೀಕು ಬರೆದ ಚೀಟಿ ಫ್ರೇಮಿನೊಳಗೇ ಇರಲಿ.

ಲ್ಯಾಪ್‌ಟಾಪ್ ಕೊಡುವ ಮೊದಲು ಮುಚ್ಚಳ, ಮೂಲೆ, ಹಿಂಜ್ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ, ಬ್ಯಾಕಪ್ ಮಾಡಿ. ಜಾಬ್ ಶೀಟಿನಲ್ಲಿ 'ಡಿಸ್‌ಪ್ಲೇ ಚೆಕ್' ಎಂದಷ್ಟೇ ಬರೆದರೆ ಸಹಿ ಹಾಕಬೇಡಿ. 'ಕೆಳಗಿನ ಎಡ ಮೂಲೆಯಲ್ಲಿ ಹಳದಿ ಕಲೆ, ಬಯೋಸಿನಲ್ಲೂ ಕಾಣುತ್ತದೆ, ಹೊರಗೆ ಪೆಟ್ಟಿನ ಗುರುತಿಲ್ಲ' ಎಂದು ಬರೆಸಿ. ಈ ಒಂದು ಸಾಲು ಮುಂದಿನ ಜಗಳಗಳನ್ನೆಲ್ಲ ಚಿಕ್ಕದು ಮಾಡುತ್ತದೆ.

ಕೌಂಟರಿನಲ್ಲಿ ಬರುವ ಮಾತುಗಳು ಹೆಚ್ಚುಕಡಿಮೆ ಮೂರು. 'ಪಿಕ್ಸೆಲ್ ಪಾಲಿಸಿ ಒಳಗೆ ಇದೆ' ಎಂದರೆ, ಆ ಪಾಲಿಸಿ ಕೆಟ್ಟ ಪಿಕ್ಸೆಲ್ ಚುಕ್ಕೆ ಎಣಿಸುವ ನಿಯಮ, ಹಳದಿ ಕಲೆಗೂ ಅದಕ್ಕೂ ಸಂಬಂಧವಿಲ್ಲ ಎನ್ನಿ. 'ಸ್ಪೆಸಿಫಿಕೇಶನ್ ಒಳಗೆ' ಎಂದರೆ ಯಾವ ಅಳತೆ, ಎಷ್ಟು ಮಿತಿ ಎಂದು ಈಮೇಲಿನಲ್ಲಿ ಕೇಳಿ. ಬಾಯಲ್ಲಿ ಸುಲಭವಾಗಿ ಬರುವ ಮಾತು ಬರಹದಲ್ಲಿ ಅಷ್ಟು ಸುಲಭಕ್ಕೆ ಬರುವುದಿಲ್ಲ. 'ಫಿಸಿಕಲ್ ಡ್ಯಾಮೇಜ್' ಎಂದರೆ ಡ್ಯಾಮೇಜ್ ಎಲ್ಲಿದೆ ಎಂದು ತೋರಿಸುವ ಫೋಟೋ ಕೇಳಿ, ಒಪ್ಪಿಸುವಾಗಿನ ನಿಮ್ಮ ಫೋಟೋ ಪಕ್ಕಕ್ಕಿಡಿ.

ಕಂಪನಿಗಳು ದೋಷ ಒಪ್ಪುವುದೇ ಇಲ್ಲವೆಂದಲ್ಲ. ರೆಟಿನಾ ಮ್ಯಾಕ್‌ಬುಕ್ ಪ್ರೊಗಳಲ್ಲಿ ಪ್ರತಿಫಲನ ತಡೆಯುವ ಲೇಪನ ಕಿತ್ತು ಕಲೆಯಾಗುತ್ತಿದ್ದುದಕ್ಕೆ ಆಪಲ್ 2015ರ ಅಕ್ಟೋಬರ್‌ನಲ್ಲಿ ಉಚಿತ ಬದಲಾವಣೆ ಶುರು ಮಾಡಿತು, ಆದರೆ ದೊಡ್ಡ ಘೋಷಣೆ ಇಲ್ಲದೆ, ಕೇಳಿದವರಿಗೆ ಸಿಕ್ಕಿತು. 2016ರ 13 ಇಂಚಿನ ಮ್ಯಾಕ್‌ಬುಕ್ ಪ್ರೊದಲ್ಲಿ ಮುಚ್ಚಳ ತೆರೆದು ಮುಚ್ಚಿ ತೆಳ್ಳನೆಯ ಕೇಬಲ್ ಸವೆದು, ಸ್ಕ್ರೀನಿನ ಕೆಳಗೆ ನಾಟಕದ ರಂಗದ ದೀಪಗಳಂತೆ ಬೆಳಕಿನ ಕಂಬಗಳು ಏಳುತ್ತಿದ್ದವು. ಕೇಬಲ್ ಡಿಸ್‌ಪ್ಲೇಗೇ ಅಂಟಿಕೊಂಡಿದ್ದರಿಂದ ಅಷ್ಟು ಚಿಕ್ಕ ತುಂಡಿಗಾಗಿ ಇಡೀ ಡಿಸ್‌ಪ್ಲೇ ಬದಲಿಸಬೇಕಿತ್ತು. 2019ರ ಮೇನಲ್ಲಿ ಬಂದ ರಿಪೇರಿ ಯೋಜನೆಯಲ್ಲಿ, ಆಗಲೇ ಹಣ ಕೊಟ್ಟು ರಿಪೇರಿ ಮಾಡಿಸಿದವರು ಅದನ್ನು ವಾಪಸ್ ಕೇಳಲೂ ಅವಕಾಶವಿತ್ತು. ಅದಕ್ಕೇ ವಾರಂಟಿ ಮುಗಿದ ಮೇಲಿನ ರಿಪೇರಿ ಬಿಲ್ಲನ್ನೂ ಎಸೆಯಬೇಡಿ, ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್ಲಿಗೆ ಇಂಥ ಯೋಜನೆ ಇದೆಯೇ ಎಂದು ನೋಡಿ.

ಈಮೇಲಿಗೆ ಹದಿನೈದು ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಆದೇಶ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಖರೀದಿ ಬಿಲ್, ಜಾಬ್ ಶೀಟ್, ಫೋಟೋ, ಈಮೇಲ್‌ಗಳನ್ನು ತಾರೀಕಿನ ಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ.