ಕೆರೆಲಿ ಗಾಳ ಹಾಕೋರು ಇದೊಂಚೂರು ಓದ್ಕೊಳ್ಳಿ

ಮೊದ್ಲು ಕೆರೆ ಯಾರ ಗುತ್ತಿಗೆಲಿದೆ ಅಂತ ಊರಲ್ಲಿ ವಿಚಾರಿಸಿ, ಅವ್ರನ್ನ ಕೇಳ್ದೆ ಗಾಳ ಹಾಕ್ಬೇಡಿ. ಗೆಂಡೆ ಮೀನಿಗೆ ರಾಗಿಮುದ್ದೆ ಇಲ್ಲಾ ಮೈದಾ ಉಂಡೆ ಸಾಕು, ಗಟ್ಟಿಯಾಗಿ ನಾದ್ಕೊಳ್ಳಿ ಇಲ್ಲಾಂದ್ರೆ ನೀರಿಗೆ ಬಿದ್ದ ತಕ್ಷಣ ಕರಗೋಗತ್ತೆ. ಜಿಲೇಬಿ ಮೀನಿಗೆ ಎರೆಹುಳ.

ಈಗ ನಂಗೆ ತುಂಬಾ ಮುಖ್ಯ ಅನ್ಸೋ ವಿಷ್ಯ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕಂಡ್ರೆ ಅದು ಕೊರವ ಮೀನಿನ ಮರಿ, ಕೆಳಗಡೆನೇ ಅಪ್ಪ ಅಮ್ಮ ಕಾಯ್ತಾ ಇರ್ತವೆ, ಆಗ ಅಲ್ಲಿ ಗಾಳ ಬಿಟ್ರೆ ರಪ್ ಅಂತ ಕಚ್ಚತ್ತೆ ನಿಜ, ಆದ್ರೆ ದೊಡ್ಡದನ್ನ ಎತ್ಕೊಂಡ್ರೆ ಮರಿಗಳನ್ನೆಲ್ಲ ಬೇರೆ ಮೀನು ತಿಂದು ಮುಗಿಸ್ತವೆ. ದಯವಿಟ್ಟು ಬಿಟ್ಬಿಡಿ. ಸಣ್ಣ ಮೀನು ಸಿಕ್ರೆ ಕೈ ಒದ್ದೆ ಮಾಡ್ಕೊಂಡು ಹಿಡಿದು ವಾಪಸ್ ಬಿಡಿ, ಒಣ ಕೈಲಿ ಮುಟ್ಟಿದ್ರೆ ಮೈ ಮೇಲಿನ ಲೋಳೆ ಕಿತ್ತೋಗತ್ತೆ. ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಯಾವತ್ತೂ ಕೆರೆಗೆ ಬಿಡ್ಬೇಡಿ, 2000ದಲ್ಲೇ ಅದರ ಸಾಕಣೆ ನಿಷೇಧ ಆಗಿದೆ, ನಮ್ಮ ಮೀನುಗಳನ್ನ ತಿಂದಾಕತ್ತೆ.

ಹರಿಗೋಲು ಇದ್ರೆ ಕೆಲಸ ಮುಗಿದ್ಮೇಲೆ ದಡಕ್ಕೆಳೆದು ಬೋರಲು ಹಾಕಿ ಒಣಗಿಸಿ, ನೀರು ನಿಂತ್ರೆ ಬಿದಿರು ಕೊಳೆಯತ್ತೆ. ತೂತು ಕಂಡ್ರೆ ಪೂರ್ತಿ ಒಣಗಿದ್ಮೇಲೆನೇ ಡಾಂಬರು ಹಚ್ಚಿ. ಹರಿದ ನೈಲಾನ್ ದಾರ ಅಲ್ಲೇ ಎಸೀಬೇಡಿ, ನೀರುಕಾಗೆ ಕಾಲಿಗೆ ಸುತ್ಕೊಳ್ಳತ್ತೆ.